ನಮ್ಮ ಫಾದರ್ ವರ್ಗವಾಗಿ ಹೋದ ಊರಿನಲ್ಲಿ ನನ್ನ ತಂಗಿ ಇದ್ದಾಳೆ. ಹೇಳಲೇ, ಬಾಯಿ ಮುಚ್ಚಿಕೊಂಡಿರಲೇ?

ಹಳೆಯ ಕಾರ್ಯದರ್ಶಿ (ಶುಕ್ರವಾರ, ರಾತ್ರಿ 10.15)

ಬೆಳಗಾವಿ, ಬಾಗಲಕೋಟೆ, ವಿಜಯಪುರ ಈ ಮೂರರಲ್ಲಿ ಒಂದು ಜಿಲ್ಲೆ ನಮ್ಮದು. ಸಣ್ಣ ಧರ್ಮಕೇಂದ್ರ, ಅಂದರೆ ಒಂದು ಕಥೋಲಿಕ ಚರ್ಚಿಗೆ ಸೇರಿದ ಮನೆಗಳು, ನೂರು ದಾಟುವುದಿಲ್ಲ. ಎರಡು ಅವಧಿಗೆ ನಾನು ಪಾಲನಾ ಪರಿಷತ್ತಿನ ಕಾರ್ಯದರ್ಶಿಯಾಗಿದ್ದೆ. ಊರಿನ ಹೆಸರು ಬರೆಯುವುದಿಲ್ಲ, ದಯವಿಟ್ಟು ಕೇಳಬೇಡಿ.

ನಮ್ಮಲ್ಲಿ ಗುರುಗಳ, ಅಂದರೆ ಫಾದರ್ ಅವರ, ವರ್ಗಾವಣೆ ಆಗುವುದು ಬೇಸಿಗೆ ರಜೆಯಲ್ಲಿ. ಕಳೆದ ವರ್ಷ ಮಾತ್ರ ಈಸ್ಟರ್ ಹಬ್ಬಕ್ಕೆ ಮುಂಚಿನ ತಪಸ್ಸುಕಾಲ ಮುಗಿಯುವ ಮೊದಲೇ, ಗರಿಗಳ ಭಾನುವಾರಕ್ಕೆ ನಾಲ್ಕು ದಿನ ಇರುವಾಗ, ಫಾದರ್ ಹೋಗುತ್ತಾರೆ ಎಂಬ ಸುದ್ದಿ ಬಂತು. ‘ಆರೋಗ್ಯದ ಕಾರಣ’ ಎಂದು ಪೂಜೆಯ ಕೊನೆಯಲ್ಲಿ ಓದಿದರು. ಅದೇ ವಾರ ಅವರು ಹುಡುಗರ ಜೊತೆ ಎರಡು ತಾಸು ವಾಲಿಬಾಲ್ ಆಡಿದ್ದನ್ನು ಊರೆಲ್ಲ ನೋಡಿತ್ತು. ಆದರೂ ಯಾರೂ ಕೇಳಲಿಲ್ಲ. ನಾನೂ ಕೇಳಲಿಲ್ಲ. ಶಾಲು ಹೊದಿಸಿದೆವು, ಹಾರ ಹಾಕಿದೆವು. ಮಾನಪತ್ರ ಬರೆದು ಓದಿದವನು ನಾನೇ. ‘ತ್ಯಾಗಮೂರ್ತಿಗಳು’, ‘ಯುವಜನರ ಕಣ್ಮಣಿ’ ಎಂದೆಲ್ಲ ಬರೆದಿದ್ದೆ. ಪೇಟೆಯಲ್ಲಿ ಅದಕ್ಕೆ ಗಾಜಿನ ಚೌಕಟ್ಟು ಹಾಕಿಸಿದ್ದೂ ನಾನೇ.

ಆರು ತಿಂಗಳಾದ ಮೇಲೆ ಗಾನವೃಂದದ ಒಬ್ಬ ಹುಡುಗಿಯ ತಾಯಿ ನಮ್ಮ ಮನೆಗೆ ಬಂದರು. ಮಗಳ ಮೊಬೈಲಿಗೆ ಫಾದರ್ ರಾತ್ರಿ ಹನ್ನೊಂದು, ಹನ್ನೆರಡರ ಮೇಲೆ ಕಳಿಸಿದ ಸಂದೇಶಗಳನ್ನು ತೋರಿಸಿದರು. ನಾಲ್ಕು ತಿಂಗಳ ಸಂದೇಶಗಳು. ಗುರುವಾದವನು ಬರೆಯುವ ಮಾತುಗಳಲ್ಲ. ಅದಕ್ಕಿಂತ ಹೆಚ್ಚು ಹೇಳಲಾರೆ. ಆ ತಾಯಿ ಆಗಲೇ ಮೇಲಿನವರ ಬಳಿ ಹೋಗಿ ಹೇಳಿಕೊಂಡಿದ್ದರಂತೆ. ಅಲ್ಲಿ ಕೂರಿಸಿ, ಚಹಾ ಕೊಟ್ಟು, ‘ನಾವು ನೋಡಿಕೊಳ್ಳುತ್ತೇವೆ, ಹುಡುಗಿಯ ಮರ್ಯಾದೆಯ ಪ್ರಶ್ನೆ, ಎಲ್ಲಿಯೂ ಮಾತಾಡಬೇಡಿ’ ಎಂದು ಕಳಿಸಿದ್ದಾರೆ. ಹತ್ತು ದಿನಕ್ಕೆ ವರ್ಗಾವಣೆ. ಒಂದು ಸಾಲು ಬರಹವಿಲ್ಲ, ಒಂದು ರಸೀದಿ ಇಲ್ಲ.

ಈಗ ಅದೇ ಫಾದರ್ ನನ್ನ ತಂಗಿಯ ಗಂಡನ ಮನೆ ಇರುವ ಊರಿನಲ್ಲಿದ್ದಾರೆ. ತಂಗಿಗೆ ಇಬ್ಬರು ಹೆಣ್ಣುಮಕ್ಕಳು, ಹಿರಿಯವಳು ಗಾನವೃಂದಕ್ಕೆ ಸೇರಿದ್ದಾಳೆ. ‘ಅಣ್ಣಾ, ಹೊಸ ಫಾದರ್ ಬಹಳ ಒಳ್ಳೆಯವರು’ ಎಂದು ಮೊನ್ನೆ ಫೋನಿನಲ್ಲಿ ಹೇಳಿದಳು. ಏನು ಉತ್ತರಿಸಬೇಕೆಂದು ತಿಳಿಯದೆ ನೆಟ್‌ವರ್ಕ್ ಇಲ್ಲವೆಂದು ಫೋನ್ ಇಟ್ಟುಬಿಟ್ಟೆ.

ಹೇಳಿದರೆ ಚಾಡಿ. ಹೇಳದಿದ್ದರೆ? ತಿಳಿದವರು ಹೇಳಿ.

ಬೈಲಹೊಂಗಲದ ಬಾಯಿ (ರಾತ್ರಿ 10.31)

ಇದರಲ್ಲಿ ಕೇಳುವುದೇನಿದೆ? ಈ ಬರಹ ಬರೆಯುವಷ್ಟು ಹೊತ್ತಿನಲ್ಲಿ ತಂಗಿಗೆ ಮೂರು ಸಲ ಫೋನ್ ಮಾಡಬಹುದಿತ್ತು.

ಕ್ಯಾಂಪಿನ ಹಳಬ (ರಾತ್ರಿ 10.50)

ಸ್ವಲ್ಪ ತಾಳಿ, ಬಾಯಿಯವರೇ. ಅರವತ್ತೆಂಟು ವರ್ಷದಿಂದ ಈ ಧರ್ಮಸಭೆಯ ಒಳಗಿದ್ದೇನೆ. ನಾನು ಕಂಡ ಒಂದು ಸಂಗತಿ ಹೇಳುತ್ತೇನೆ. ಎಂಬತ್ತರ ದಶಕದಲ್ಲಿ ನಮ್ಮ ಗುರುಗಳೊಬ್ಬರ ಮೇಲೆ ಮೂಗರ್ಜಿ ಹೋಯಿತು. ಶಾಲೆಯ ಕಟ್ಟಡದ ಸಿಮೆಂಟ್ ಮಾರಿಕೊಂಡರು ಎಂದು. ಎರಡು ವರ್ಷ ಅವರನ್ನು ಪೂಜೆಗೆ ಜನ ತಲೆಯೆತ್ತಿ ನೋಡಲಿಲ್ಲ. ಕೊನೆಗೆ ಲೆಕ್ಕ ತೆಗೆಸಿದರೆ ಒಂದು ಚೀಲದ ವ್ಯತ್ಯಾಸವೂ ಇಲ್ಲ. ಮೂಗರ್ಜಿ ಬರೆದವನು ಗುತ್ತಿಗೆ ಸಿಗದ ನಮ್ಮವನೇ. ಆ ಗುರುಗಳಿಗೆ ಯಾರೂ ಕ್ಷಮೆ ಕೇಳಲಿಲ್ಲ. ಅವರ ಮಣ್ಣಿಗೆ ಹೋದಾಗ ಎಲ್ಲರೂ ಅತ್ತರು, ಅದು ಬೇರೆ ಮಾತು.

ಒಂದು ಮೊಬೈಲ್ ತೋರಿಸಿದ ಮಾತ್ರಕ್ಕೆ ಒಬ್ಬ ಗುರುವಿನ ಬದುಕನ್ನು ಮುಗಿಸಬೇಡಿ. ವರ್ಗ ಮಾಡಿದ್ದಾರೆ ಎಂದರೆ ಮೇಲಿನವರು ಕ್ರಮ ಕೈಗೊಂಡಿದ್ದಾರೆ ಎಂದೇ ಅರ್ಥ.

ಬೈಲಹೊಂಗಲದ ಬಾಯಿ (ರಾತ್ರಿ 10.58)

ಕಾಕಾ, ಸಿಮೆಂಟ್ ಚೀಲ ಮಾತಾಡುವುದಿಲ್ಲ. ಹುಡುಗಿಯರು ಮಾತಾಡುತ್ತಾರೆ, ನಾವು ಕೇಳಿಸಿಕೊಳ್ಳಬೇಕು. ನೀವು ಹೇಳಿದ ಗುರುಗಳನ್ನು ಉಳಿಸಿದ್ದು ಏನು? ಲೆಕ್ಕ ತೆಗೆಸಿದ್ದು. ಇಲ್ಲಿಯೂ ಲೆಕ್ಕ ತೆಗೆಯಲಿ ಎಂದೇ ನಾವು ಹೇಳುತ್ತಿರುವುದು.

ಇಳಕಲ್ ಸೆರಗು (ರಾತ್ರಿ 11.04)

ವರ್ಗಾವಣೆಯೇ ಕ್ರಮವಾದರೆ ನಮ್ಮ ತಾಲ್ಲೂಕಿನ ಲಂಚಕೋರ ಅಧಿಕಾರಿಗಳೆಲ್ಲ ಶಿಕ್ಷೆ ಅನುಭವಿಸಿದವರೇ.

ಕೋರ್ಟು ಗುಮಾಸ್ತ (ರಾತ್ರಿ 11.20)

ಕಾರ್ಯದರ್ಶಿಯವರೇ, ಒಂದೇ ಪ್ರಶ್ನೆ. ಸಂದೇಶ ಬಂದಾಗ ಹುಡುಗಿಗೆ ಎಷ್ಟು ವಯಸ್ಸು? ಹೆಸರು ಬೇಡ, ತರಗತಿ ಬೇಡ, ವಯಸ್ಸು ಮಾತ್ರ.

ಹಳೆಯ ಕಾರ್ಯದರ್ಶಿ (ರಾತ್ರಿ 11.26)

ಹದಿನೇಳು. ಈಗ ಹದಿನೆಂಟು ದಾಟಿದೆ.

ಕೋರ್ಟು ಗುಮಾಸ್ತ (ರಾತ್ರಿ 11.52)

ಹಾಗಾದರೆ ನಿಮ್ಮ ‘ಹೇಳಲೇ ಬೇಡವೇ’ ಎಂಬ ಪ್ರಶ್ನೆ ಮುಗಿಯಿತು. ನಾನು ವಕೀಲನಲ್ಲ. ಬಾಗಲಕೋಟೆ ಕಡೆಯ ಕೋರ್ಟುಗಳಲ್ಲಿ ಇಪ್ಪತ್ತೆರಡು ವರ್ಷ ಕಡತ ಹೊತ್ತವನು, ಅಷ್ಟೇ. ಆದರೂ ಇಷ್ಟು ಗೊತ್ತಿದೆ.

ಮಕ್ಕಳನ್ನು ಲೈಂಗಿಕ ಅಪರಾಧಗಳಿಂದ ರಕ್ಷಿಸುವ 2012ರ ಪೋಕ್ಸೊ ಕಾಯ್ದೆಯಲ್ಲಿ ಹದಿನೆಂಟು ತುಂಬದವರೆಲ್ಲ ಮಕ್ಕಳೇ. ಲೈಂಗಿಕ ಉದ್ದೇಶದಿಂದ ಮಗುವನ್ನು ಪದೇಪದೇ ಮೊಬೈಲ್ ಮೂಲಕ ಸಂಪರ್ಕಿಸುವುದೂ ಅದರಲ್ಲಿ ಅಪರಾಧ. ಮುಟ್ಟಿಲ್ಲವಲ್ಲ ಎಂಬ ಮಾತು ಅಲ್ಲಿ ನಡೆಯುವುದಿಲ್ಲ. ಉದ್ದೇಶವಿತ್ತೇ ಇಲ್ಲವೇ ಎಂದು ತೀರ್ಮಾನಿಸುವುದು ನ್ಯಾಯಾಲಯ. ನೀವೂ ಅಲ್ಲ, ನಾನೂ ಅಲ್ಲ, ಚಹಾ ಕೊಟ್ಟವರಂತೂ ಅಲ್ಲವೇ ಅಲ್ಲ.

19ನೇ ಕಲಂ: ಇಂಥ ಅಪರಾಧ ನಡೆದಿದೆ ಎಂದು ತಿಳಿದ ಯಾವ ವ್ಯಕ್ತಿಯೇ ಆಗಲಿ, ಸ್ಥಳೀಯ ಪೊಲೀಸರಿಗೆ ಅಥವಾ ವಿಶೇಷ ಬಾಲಪೊಲೀಸ್ ಘಟಕಕ್ಕೆ ತಿಳಿಸಬೇಕು. ‘ಬೇಕು’ ಎಂದಿದೆ, ‘ಬಹುದು’ ಎಂದಿಲ್ಲ. ತಿಳಿಸದಿದ್ದರೆ 21ನೇ ಕಲಂ ಪ್ರಕಾರ ಆರು ತಿಂಗಳವರೆಗೆ ಸಜೆ, ಅಥವಾ ದಂಡ, ಅಥವಾ ಎರಡೂ. ಸಂಸ್ಥೆಯ ಹೊಣೆ ಹೊತ್ತವರು ತಮ್ಮ ಕೈಕೆಳಗಿನವರ ಅಪರಾಧವನ್ನು ತಿಳಿಸದಿದ್ದರೆ ಒಂದು ವರ್ಷದವರೆಗೆ ಸಜೆ ಮತ್ತು ದಂಡ. ಒಳ್ಳೆಯ ಉದ್ದೇಶದಿಂದ ಮಾಹಿತಿ ಕೊಟ್ಟವರ ಮೇಲೆ ಸಿವಿಲ್ ಆಗಲಿ ಕ್ರಿಮಿನಲ್ ಆಗಲಿ ಹೊಣೆ ಬರುವುದಿಲ್ಲ ಎಂದೂ ಅದೇ 19ರಲ್ಲಿ ಬರೆದಿದೆ. ಹಳಬ ಕಾಕಾ ಅವರ ಆತಂಕಕ್ಕೂ ಉತ್ತರವಿದೆ: ದುರುದ್ದೇಶದಿಂದ ಸುಳ್ಳು ದೂರು ಕೊಟ್ಟವರಿಗೆ 22ನೇ ಕಲಂ ಕಾದಿದೆ.

ಹುಡುಗಿಗೆ ಈಗ ಹದಿನೆಂಟು ತುಂಬಿತಲ್ಲ ಎನ್ನಬೇಡಿ. ಘಟನೆ ನಡೆದ ದಿನದ ವಯಸ್ಸೇ ಲೆಕ್ಕ.

ಘಟಪ್ರಭೆ (ಶನಿವಾರ, ಬೆಳಿಗ್ಗೆ 6.40)

ಇದು ಯಾವ ಊರೆಂದು ನನಗೆ ಗೊತ್ತಾಯಿತು ಅನಿಸುತ್ತದೆ. [ನಿರ್ವಾಹಕರು ಮುಂದಿನ ಎರಡು ಸಾಲು ಅಳಿಸಿದ್ದಾರೆ]

ನಿರ್ವಾಹಕ (ಬೆಳಿಗ್ಗೆ 7.05)

ಊರು, ಗುರು, ಹುಡುಗಿ, ಶಾಲೆ ಯಾವುದನ್ನೂ ಊಹಿಸಿ ಬರೆಯಬಾರದು. ಹುಡುಗಿಯ ಗುರುತು ಸಿಗುವಂಥ ಒಂದು ಸುಳಿವು ಬಿದ್ದರೂ ಅದೇ ಕಾಯ್ದೆ ನಮ್ಮ ಬೆನ್ನು ಹತ್ತುತ್ತದೆ. ಇನ್ನೊಮ್ಮೆ ಬರೆದರೆ ಚರ್ಚೆಗೆ ಬೀಗ ಹಾಕುತ್ತೇನೆ.

ಘಟಪ್ರಭೆ (ಬೆಳಿಗ್ಗೆ 7.12)

ತಪ್ಪಾಯಿತು. ಆದರೆ ನಾನೂ ಆರು ವರ್ಷ ಗಾನವೃಂದದಲ್ಲಿ ಹಾಡಿದವಳು. ಆ ಹುಡುಗಿಗೆ ಏನಾಗಿರುತ್ತದೆ ಎಂದು ನಾನು ಹೇಳಬಲ್ಲೆ. ಅವಳು ಗಾನವೃಂದ ಬಿಟ್ಟಿರುತ್ತಾಳೆ. ‘ಓದು ಹೆಚ್ಚಾಗಿದೆ’ ಎಂದಿರುತ್ತಾಳೆ. ಅವಳ ಗೆಳತಿಯರು ‘ಅಹಂಕಾರ ಬಂದಿದೆ’ ಎಂದಿರುತ್ತಾರೆ. ಕಾರ್ಯದರ್ಶಿಗಳೇ, ಹೌದೇ?

ಹಳೆಯ ಕಾರ್ಯದರ್ಶಿ (ಬೆಳಿಗ್ಗೆ 7.30)

ಹೌದು. ಅಹಂಕಾರ ಎಂದು ಹೇಳಿದವರಲ್ಲಿ ನನ್ನ ಮಗಳೂ ಒಬ್ಬಳು.

ಖಾನಾಪುರ ಕಾಡು (ಬೆಳಿಗ್ಗೆ 8.15)

ಇದಕ್ಕೆಲ್ಲ ಮೂಲ ಕಾರಣ ಬೇರೆಯೇ ಇದೆ. ಗುರುಗಳು ಒಂದು ಕಡೆಯಿಂದ ಬರುತ್ತಾರೆ, ಜನ ಇನ್ನೊಂದು ಭಾಷೆ ಆಡುತ್ತಾರೆ. ಒಂದೇ ಚರ್ಚಿನಲ್ಲಿ ಕೊಂಕಣಿ ಪೂಜೆ, ಮರಾಠಿ ಪೂಜೆ, ಕನ್ನಡ ಪೂಜೆ, ಇಂಗ್ಲಿಷ್ ಪೂಜೆ. ಯಾರಿಗೆ ಯಾರ ಮೇಲೂ ಹಿಡಿತವಿಲ್ಲ. ನಮ್ಮ ಮಣ್ಣಿನ ಹುಡುಗರು ಗುರುಗಳಾಗಿದ್ದರೆ ಹೀಗಾಗುತ್ತಿರಲಿಲ್ಲ.

ಇಳಕಲ್ ಸೆರಗು (ಬೆಳಿಗ್ಗೆ 8.19)

ಬಂತು ನೋಡಿ ಭಾಷೆ. ಇನ್ನು ಗಡಿ ವಿವಾದ ಒಂದು ಬಾಕಿ.

ಬೈಲಹೊಂಗಲದ ಬಾಯಿ (ಬೆಳಿಗ್ಗೆ 8.25)

ಅಪ್ಪಾ ಖಾನಾಪುರದವನೇ, ಆ ಸಂದೇಶಗಳು ಯಾವ ಭಾಷೆಯಲ್ಲಿದ್ದವು ಎಂದು ಹುಡುಗಿ ನೋಡುತ್ತಾಳೆಯೇ?

ಖಾನಾಪುರ ಕಾಡು (ಬೆಳಿಗ್ಗೆ 8.41)

ಮಾತು ತಿರುಚಬೇಡಿ ಅಕ್ಕಾ. ಜನರ ಭಾಷೆ ಬಲ್ಲ ಗುರುವಿನ ಮುಂದೆ ಆ ತಾಯಿ ಇನ್ನೂ ಬೇಗ ಬಾಯಿ ಬಿಡುತ್ತಿದ್ದರು. ನಾನು ಹೇಳಿದ್ದು ಅದು.

ಬೈಲಹೊಂಗಲದ ಬಾಯಿ (ಬೆಳಿಗ್ಗೆ 8.44)

ಇದನ್ನು ಮೊದಲೇ ಹೀಗೆ ಹೇಳಿದ್ದರೆ ಒಪ್ಪುತ್ತಿದ್ದೆ. ಈಗಲೂ ಅರ್ಧ ಒಪ್ಪುತ್ತೇನೆ.

ಕ್ಯಾಂಪಿನ ಹಳಬ (ಬೆಳಿಗ್ಗೆ 9.30)

ಗುಮಾಸ್ತರು ಕಾನೂನು ಹೇಳಿದರು, ಸರಿ. ಆದರೆ ಕಾಲವನ್ನೂ ನೋಡಿ. 2021ರ ಡಿಸೆಂಬರಿನಲ್ಲಿ ಇಲ್ಲಿಯೇ, ಸುವರ್ಣ ವಿಧಾನಸೌಧದ ಅಧಿವೇಶನದಲ್ಲಿ, ಮತಾಂತರ ನಿಷೇಧ ಮಸೂದೆಗೆ ವಿಧಾನಸಭೆ ಒಪ್ಪಿಗೆ ಕೊಟ್ಟಿತು. ಆ ದಿನಗಳಲ್ಲಿ ನಾವು ಕ್ರಿಸ್ಮಸ್ ಹಾಡುಗಳಿಗೆ ಮನೆಮನೆಗೆ ಹೋಗಲು ಹೆದರಿದ್ದೆವು. ಇಷ್ಟು ಚಿಕ್ಕ ಸಮುದಾಯ ನಮ್ಮದು. ನಮ್ಮ ಮನೆಯ ಕೊಳೆಯನ್ನು ನಾವೇ ಠಾಣೆಯ ಅಂಗಳದಲ್ಲಿ ಒಗೆದರೆ ನಾಳೆ ಪ್ರತಿಯೊಬ್ಬ ಫಾದರ್ ಕಡೆಗೂ, ಪ್ರತಿಯೊಬ್ಬ ಸಿಸ್ಟರ್ ಕಡೆಗೂ ಬೆರಳು ತೋರಿಸುತ್ತಾರೆ. ಅದನ್ನು ಯಾರು ತಡೆಯುತ್ತೀರಿ?

ಪಕ್ಕದ ಮನೆಯ ಈರಣ್ಣ (ಬೆಳಿಗ್ಗೆ 9.48)

ನಾನು ನಿಮ್ಮ ಧರ್ಮದವನಲ್ಲ. ಸಿಸ್ಟರುಗಳ ಶಾಲೆಯಲ್ಲಿ ಓದಿದವನು, ಅದಕ್ಕಾಗಿ ಇಲ್ಲಿ ಓದುತ್ತಿದ್ದೇನೆ. ಹಿರಿಯರೇ, ಬೆರಳು ತೋರಿಸುವವರು ಹೇಗೂ ತೋರಿಸುತ್ತಾರೆ. ನಮ್ಮ ಕಡೆಯ ಮಠಗಳಲ್ಲಿಯೂ ‘ಮಠದ ಮರ್ಯಾದೆ’ ಎಂದು ಹೇಳಿ ಮುಚ್ಚಿಡುವವರಿದ್ದಾರೆ, ಅವರ ಮಾತೂ ನಿಮ್ಮ ಮಾತೂ ಒಂದೇ ಅಚ್ಚಿನದು. ಅಂಥವರನ್ನು ನಂಬಿ ನಾವು ಬಹಳ ಕಳೆದುಕೊಂಡೆವು. ಹೊರಗಿನವನು ಹೆಚ್ಚು ಮಾತಾಡಬಾರದು, ನಿಲ್ಲಿಸುತ್ತೇನೆ.

ಕ್ಯಾಂಪಿನ ಹಳಬ (ಬೆಳಿಗ್ಗೆ 9.55)

ಮಾತಾಡಿದ್ದಕ್ಕೆ ಬೇಸರವಿಲ್ಲ, ಈರಣ್ಣನವರೇ. ನನ್ನ ಹೆದರಿಕೆ ಮಾತ್ರ ಸುಳ್ಳಲ್ಲ.

ಮೇಣದಬತ್ತಿ (ಬೆಳಿಗ್ಗೆ 11.10)

ನಾನು ಸಿಸ್ಟರ್. ನನ್ನ ಸನ್ಯಾಸಿನಿಯರ ಸಭೆಯ ಹೆಸರು ಕೇಳಬೇಡಿ.

2018ರ ಸೆಪ್ಟೆಂಬರಿನಲ್ಲಿ ಕೊಚ್ಚಿಯಲ್ಲಿ ಐವರು ಸಿಸ್ಟರುಗಳು ತಮ್ಮ ಒಬ್ಬ ಸಹೋದರಿಗಾಗಿ ಬೀದಿಯಲ್ಲಿ ಧರಣಿ ಕುಳಿತರು. ಆರೋಪ ಜಲಂಧರ ಧರ್ಮಪ್ರಾಂತ್ಯದ, ಅಂದರೆ ಅಲ್ಲಿನ ಚರ್ಚುಗಳ ವಲಯದ, ಬಿಷಪ್ ಮೇಲೆ. ನಮ್ಮ ಕಾನ್ವೆಂಟಿನಲ್ಲಿ ಊಟದ ಮನೆಯ ಟಿವಿಯಲ್ಲಿ ಆ ದೃಶ್ಯ ಬಂದಾಗ ಯಾರೋ ಎದ್ದು ಚಾನೆಲ್ ಬದಲಿಸಿದರು. ಯಾರೂ ಏನೂ ಹೇಳಲಿಲ್ಲ. ಅನ್ನ ಬಡಿಸಿದರು, ತಿಂದೆವು. ಆ ಊಟ ನನಗೆ ಇಂದಿಗೂ ನೆನಪಿದೆ.

ಸೆಪ್ಟೆಂಬರ್ 21ರಂದು ಆ ಬಿಷಪ್ ಅವರ ಬಂಧನವಾಯಿತು. 2022ರ ಜನವರಿಯಲ್ಲಿ ಕೊಟ್ಟಾಯಂ ನ್ಯಾಯಾಲಯ ಅವರನ್ನು ಖುಲಾಸೆ ಮಾಡಿತು. 2023ರಲ್ಲಿ ಅವರು ಪದವಿಗೆ ರಾಜೀನಾಮೆ ಕೊಟ್ಟರು. ಹಳಬ ಕಾಕಾ ‘ನೋಡಿ, ಖುಲಾಸೆಯಾಯಿತು’ ಎಂದು ಬರೆಯುವ ಮೊದಲೇ ನಾನೇ ಹೇಳುತ್ತಿದ್ದೇನೆ. ನ್ಯಾಯಾಲಯ ಖುಲಾಸೆ ಮಾಡಬಹುದು, ಶಿಕ್ಷಿಸಬಹುದು. ಅಲ್ಲಿಯವರೆಗೆ ಹೋಗಲು ಐವರು ಹೆಂಗಸರು ರಸ್ತೆಯಲ್ಲಿ ಕೂರಬೇಕಾಯಿತಲ್ಲ, ನನ್ನ ದುಃಖ ಅದು. ಒಳಗೆ ಒಂದು ಬಾಗಿಲು ತೆರೆದಿದ್ದರೆ ಯಾರು ಬೀದಿಗೆ ಹೋಗುತ್ತಾರೆ?

ಬಾಗಿಲು ಇರಬೇಕೆಂದು ಈಗ ರೋಮಿನ ನಿಯಮವೂ ಇದೆ. 2019ರ ಮೇ ತಿಂಗಳಲ್ಲಿ ಪೋಪ್ ಫ್ರಾನ್ಸಿಸ್ ‘ವೋಸ್ ಎಸ್ತಿಸ್ ಲುಕ್ಸ್ ಮುಂದಿ’ ಎಂಬ ಶಾಸನ ಹೊರಡಿಸಿದರು. ‘ನೀವು ಲೋಕಕ್ಕೆ ಬೆಳಕು’ ಎಂದು ಅರ್ಥ. 2023ರಲ್ಲಿ ಅದನ್ನು ತಿದ್ದಿ ಕಾಯಂ ಮಾಡಿದರು. ದೂರು ಸ್ವೀಕರಿಸಲು ಪ್ರತಿ ಧರ್ಮಪ್ರಾಂತ್ಯದಲ್ಲಿ ಎಲ್ಲರಿಗೂ ಸುಲಭವಾಗಿ ಸಿಗುವ ವ್ಯವಸ್ಥೆ ಇರಬೇಕು. ತಿಳಿದ ಗುರುಗಳು, ಸಿಸ್ಟರುಗಳು ತಿಳಿಸಲೇಬೇಕು. ದೂರು ಕೊಟ್ಟವರ ಮೇಲೆ ‘ಎಲ್ಲಿಯೂ ಮಾತಾಡಬೇಡಿ’ ಎಂಬ ಷರತ್ತು ಹೇರುವಂತಿಲ್ಲ. ಆ ತಾಯಿಗೆ ಚಹಾ ಕೊಟ್ಟು ಹೇಳಿದ್ದು ಸರಿಯಾಗಿ ಇದನ್ನೇ ಅಲ್ಲವೇ?

ವಿಜಯಪುರ ಗುಮ್ಮಟ (ಮಧ್ಯಾಹ್ನ 12.20)

ಒಂದು ತಿದ್ದುಪಡಿ. ಮೂರು ಜಿಲ್ಲೆಗಳನ್ನು ಒಂದೇ ಬುಟ್ಟಿಗೆ ಹಾಕಬೇಡಿ. ಬೆಳಗಾವಿ ಧರ್ಮಪ್ರಾಂತ್ಯ 1953ರದು. ವಿಜಯಪುರದವರಾದ ನಾವು 2005ರಲ್ಲಿ ರಚನೆಯಾದ ಕಲಬುರಗಿ ಧರ್ಮಪ್ರಾಂತ್ಯಕ್ಕೆ ಸೇರಿದವರು. ದೂರು ಎಲ್ಲಿಗೆ ಬರೆಯಬೇಕೆಂದು ಗೊತ್ತಿರಬೇಕಲ್ಲ, ಅದಕ್ಕೆ ಹೇಳಿದೆ. ಎರಡಕ್ಕೂ ಮೇಲೆ ಬೆಂಗಳೂರಿನ ಮಹಾಧರ್ಮಾಧ್ಯಕ್ಷರು. ದೂರನ್ನು ಬಿಷಪ್ ಅವರೇ ಮುಚ್ಚಿಟ್ಟರು ಎಂದಾದರೆ ಆ ಮೇಲಿನವರಿಗೆ, ಅಥವಾ ದೆಹಲಿಯಲ್ಲಿರುವ ಪೋಪರ ರಾಯಭಾರ ಕಚೇರಿಗೆ ಬರೆಯಬಹುದು. ಮೊದಲು ‘ಬಿಷಪ್ ವಿರುದ್ಧ ಯಾರಿಗೆ ಹೇಳುವುದು, ದೇವರಿಗೇ’ ಎನ್ನುತ್ತಿದ್ದರು.

ಇನ್ನೊಂದು. ಮೈಸೂರಿನಲ್ಲಿ 2019ರಲ್ಲಿ 37 ಗುರುಗಳೇ ತಮ್ಮ ಬಿಷಪ್ ವಿರುದ್ಧ ರೋಮಿಗೆ ಪತ್ರ ಬರೆದರು. ಬಿಷಪ್ ಆರೋಪಗಳನ್ನು ನಿರಾಕರಿಸಿದರು. ರಜೆಯ ಮೇಲೆ ಕಳಿಸಿ ಬೇರೊಬ್ಬ ಆಡಳಿತಾಧಿಕಾರಿಯನ್ನು ನೇಮಿಸಿದ್ದು 2023ರ ಜನವರಿಯಲ್ಲಿ. ಗುರುಗಳು ಬರೆದರೂ ಇಷ್ಟು ವರ್ಷ ಹಿಡಿಯುತ್ತದೆ. ಒಬ್ಬ ತಾಯಿ ಬಾಯಿಮಾತಿನಲ್ಲಿ ಹೇಳಿದರೆ ಎಷ್ಟು ಹಿಡಿದೀತು, ಲೆಕ್ಕ ಹಾಕಿ. ಬರೆದು ಕೊಡಿ. ಬರೆದು ಕೊಡಿ. ಬರೆದು ಕೊಡಿ.

ಇಳಕಲ್ ಸೆರಗು (ಮಧ್ಯಾಹ್ನ 12.33)

ಬರೆದು ಕೊಡುವ ಮಾತು ಬಂತು, ನಮ್ಮ ಸಭಾಭವನದ ಲೆಕ್ಕವನ್ನೂ ಇಲ್ಲಿ ಕೇಳಿಬಿಡಲೇ? ಮೂರು ಹಬ್ಬಗಳಿಂದ ವಂತಿಗೆ ಕೊಡುತ್ತಿದ್ದೇವೆ, ಎದ್ದು ನಿಂತಿರುವುದು ನಾಲ್ಕು ಕಂಬ. ಕೇಳಿದರೆ ‘ನಿಮಗೆ ವಿಶ್ವಾಸ ಕಡಿಮೆ’ ಎನ್ನುತ್ತಾರೆ.

ವಿಜಯಪುರ ಗುಮ್ಮಟ (ಮಧ್ಯಾಹ್ನ 12.41)

ಕೇಳಿ, ಹಕ್ಕಿದೆ. ಧರ್ಮಸಭೆಯ ಕಾನೂನಿನ 537ನೇ ಕಲಂ ಪ್ರಕಾರ ಪ್ರತಿ ಧರ್ಮಕೇಂದ್ರದಲ್ಲಿ ಹಣಕಾಸು ಸಮಿತಿ ಇರಲೇಬೇಕು. ಜನ ಕೊಟ್ಟ ಕಾಣಿಕೆಯ ಲೆಕ್ಕವನ್ನು ಜನರಿಗೆ ಒಪ್ಪಿಸಬೇಕೆಂದು 1287ರಲ್ಲಿದೆ. ತಮ್ಮ ಅಭಿಪ್ರಾಯವನ್ನು ಪಾಲಕರಿಗೆ ತಿಳಿಸುವುದು ವಿಶ್ವಾಸಿಗಳ ಹಕ್ಕು, ಕೆಲವೊಮ್ಮೆ ಕರ್ತವ್ಯ ಎಂದು 212 ಹೇಳುತ್ತದೆ. ವಿಶ್ವಾಸ ಕಡಿಮೆ ಎಂದವರಿಗೆ ಈ ಮೂರು ಸಂಖ್ಯೆ ಚೀಟಿಯಲ್ಲಿ ಬರೆದು ಕಾಣಿಕೆ ಬುಟ್ಟಿಯಲ್ಲಿ ಹಾಕಿ.

ಇಳಕಲ್ ಸೆರಗು (ಮಧ್ಯಾಹ್ನ 12.44)

ನಾಳೆಯೇ ಹಾಕುತ್ತೇನೆ. ಐವತ್ತರ ನೋಟಿನ ಬದಲು.

ಕ್ಯಾಂಪಿನ ಹಳಬ (ಮಧ್ಯಾಹ್ನ 1.30)

ಒಂದು ಸಂದೇಹ. ಆ ಹುಡುಗಿ ಪಾಪನಿವೇದನೆಯಲ್ಲಿ ತಮ್ಮ ಊರಿಗೆ ಈಗ ಬಂದಿರುವ ಹೊಸ ಫಾದರ್‌ಗೆ ಹೇಳಿಕೊಂಡಿದ್ದರೆ? ಅವರೂ ಪೊಲೀಸರಿಗೆ ಹೇಳಬೇಕೇ? ಆ ಗುಟ್ಟು ಒಡೆಯುವಂತಿಲ್ಲ ಅಲ್ಲವೇ?

ಬಿಳಿ ನಿಲುವಂಗಿ (ಮಧ್ಯಾಹ್ನ 2.15)

ನಿನ್ನೆ ರಾತ್ರಿಯಿಂದ ಸುಮ್ಮನೆ ಓದುತ್ತಿದ್ದೆ. ನಾನು ಗುರು, ದೀಕ್ಷೆಯಾಗಿ ಒಂಬತ್ತು ವರ್ಷ.

ಕಾಕಾ, ಪಾಪನಿವೇದನೆಯ ಗುಟ್ಟನ್ನು ಯಾವ ಕಾರಣಕ್ಕೂ ಒಡೆಯುವಂತಿಲ್ಲ. ಆದರೆ ಅದರ ನೆರಳು ಪಾಪನಿವೇದನೆಯ ಆಚೆಗೆ ಬೀಳುವುದಿಲ್ಲ. ತಾಯಿ ಕಚೇರಿಗೆ ಬಂದು ಕುರ್ಚಿಯಲ್ಲಿ ಕುಳಿತು ಹೇಳಿದ್ದು ಪಾಪನಿವೇದನೆಯಲ್ಲ. ಮೊಬೈಲಿನ ಸಂದೇಶ ಪಾಪನಿವೇದನೆಯಲ್ಲ. ಅದನ್ನು ಇದರ ಹಿಂದೆ ಬಚ್ಚಿಡುವುದು ನಮ್ಮ ಪವಿತ್ರ ಸಂಸ್ಕಾರಕ್ಕೇ ಅವಮಾನ.

ವರ್ಗಾವಣೆಯ ಬಗ್ಗೆ ಒಳಗಿನ ಮಾತೊಂದು ಹೇಳುತ್ತೇನೆ. ಹೊಸ ಧರ್ಮಕೇಂದ್ರಕ್ಕೆ ಹೋದಾಗ ನನಗೆ ಒಪ್ಪಿಸಿದ್ದು ಇವು: ದೀಕ್ಷಾಸ್ನಾನದ ದಾಖಲೆ, ವಿವಾಹದ ದಾಖಲೆ, ಸ್ಮಶಾನದ ದಾಖಲೆ, ಬ್ಯಾಂಕ್ ಪಾಸ್‌ಬುಕ್, ಬೀಗದ ಕೈಗಳ ಗೊಂಚಲು, ಬೋರ್‌ವೆಲ್ ಮೋಟರಿನ ವಾರಂಟಿ ಚೀಟಿ. ಮೋಟರು ಎಷ್ಟು ಸಲ ಸುಟ್ಟಿದೆ ಎಂದೂ ಬರೆದಿತ್ತು. ಬರುವ ಗುರುವಿನ ಬಗ್ಗೆ ಜನರಿಗೆ ಏನು ಗೊತ್ತಿರುತ್ತದೆ? ಹೆಸರು, ಹಿಂದಿನ ಊರು, ಒಂದು ಮಾನಪತ್ರ. ಸ್ವಾಗತದ ದಿನ ನನ್ನ ಹಿಂದಿನ ಊರಿನ ಮಾನಪತ್ರವನ್ನು ಓದಿಯೇ ನನ್ನನ್ನು ಪರಿಚಯಿಸಿದರು.

ಅಮೆರಿಕದ ಬಾಸ್ಟನ್ನಿನಲ್ಲಿ ನಡೆದದ್ದೂ ಇದೇ. ಒಬ್ಬ ಗುರುವನ್ನು ಮೂವತ್ತು ವರ್ಷಗಳಲ್ಲಿ ಆರೇಳು ಧರ್ಮಕೇಂದ್ರಗಳಿಗೆ ತಿರುಗಿಸಿದರು. 2002ರಲ್ಲಿ ಪತ್ರಿಕೆಯೊಂದು ಬಯಲು ಮಾಡುವ ಹೊತ್ತಿಗೆ 130ಕ್ಕೂ ಹೆಚ್ಚು ಜನ ದೂರಿದ್ದರು. ಅದೇ ವರ್ಷದ ಡಿಸೆಂಬರಿನಲ್ಲಿ ಅಲ್ಲಿನ ಕಾರ್ಡಿನಲ್ ರಾಜೀನಾಮೆ ಕೊಡಬೇಕಾಯಿತು. ಪ್ರತಿ ಊರೂ ಆ ಗುರುವನ್ನು ಹಾರ ಹಾಕಿ ಕಳಿಸಿರಬೇಕು ಎಂದು ನಾನು ಎಷ್ಟೋ ಸಲ ಅಂದುಕೊಂಡಿದ್ದೇನೆ.

ಕಾರ್ಯದರ್ಶಿಗಳೇ, ನಿಮ್ಮನ್ನು ಚುಚ್ಚಲು ಹೇಳಿದ್ದಲ್ಲ.

ಹಳೆಯ ಕಾರ್ಯದರ್ಶಿ (ಮಧ್ಯಾಹ್ನ 2.40)

ಚುಚ್ಚಿತು, ಫಾದರ್. ಚುಚ್ಚಲಿ.

ಖಾನಾಪುರ ಕಾಡು (ಮಧ್ಯಾಹ್ನ 3.05)

ನಿಜವಾಗಿಯೂ ನೀವು ಗುರುಗಳೇ? ಇಲ್ಲಿ ಯಾರು ಬೇಕಾದರೂ ನಿಲುವಂಗಿ ಎಂದು ಹೆಸರಿಟ್ಟುಕೊಳ್ಳಬಹುದು.

ಬಿಳಿ ನಿಲುವಂಗಿ (ಮಧ್ಯಾಹ್ನ 3.09)

ಸಂಶಯಪಡುವುದೇ ಒಳ್ಳೆಯದು. ಮುಂದಿನ ಸಲ ಊರಿನಲ್ಲಿಯೂ ಹೀಗೆಯೇ ಕೇಳಿ.

ಕೋರ್ಟು ಗುಮಾಸ್ತ (ಸಂಜೆ 5.20)

ಕಾರ್ಯದರ್ಶಿಯವರೇ, ಈಗ ಕೆಲಸದ ಮಾತು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಒಂದಕ್ಷರ ಬರೆಯಬೇಡಿ. ತಂಗಿಗೂ ಬರೆಯಬೇಡಿ, ಬಾಯಿಮಾತಿನಲ್ಲಿ ಹೇಳಿ. ಹುಡುಗಿಯ ಹೆಸರು ಹೇಳಬೇಡಿ. ಮೊದಲು ಆ ತಾಯಿ ಮತ್ತು ಮಗಳ ಹತ್ತಿರ ಹೋಗಿ. ಅವರನ್ನು ಬಿಟ್ಟು ನೀವೊಬ್ಬರೇ ಠಾಣೆಗೆ ಓಡಿದರೆ ಅವರ ಬದುಕು ಅವರ ಕೈಯಲ್ಲಿಲ್ಲ ಎಂದಾಗುತ್ತದೆ. ಹೆದರಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಬಹುದು, ಜಿಲ್ಲೆಯ ಮಕ್ಕಳ ಕಲ್ಯಾಣ ಸಮಿತಿ ಇದೆ. ಮಕ್ಕಳ ಹೇಳಿಕೆಯನ್ನು ಮನೆಯಲ್ಲಿ ಅಥವಾ ಅವರಿಗೆ ಒಗ್ಗುವ ಜಾಗದಲ್ಲಿ, ಸಾಧ್ಯವಾದಷ್ಟೂ ಮಹಿಳಾ ಸಬ್ ಇನ್‌ಸ್ಪೆಕ್ಟರ್, ಸಮವಸ್ತ್ರವಿಲ್ಲದೆ ದಾಖಲಿಸಬೇಕೆಂದು ಕಾಯ್ದೆಯಲ್ಲಿದೆ. ಈಕೆಗೆ ಈಗ ಹದಿನೆಂಟು ದಾಟಿದ್ದರೂ ಹಾಗೆಯೇ ಮಾಡಿ ಎಂದು ಕೇಳಿ, ಕೇಳಿದರೆ ಕೊಡುತ್ತಾರೆ. ಸಂದೇಶಗಳನ್ನು ಅಳಿಸಬಾರದು. ಮೊಬೈಲ್ ಬದಲಾಯಿಸಬಾರದು. ರಿಪೇರಿ ಅಂಗಡಿಗೆ ಕೊಡಲೇಬಾರದು.

ಬೈಲಹೊಂಗಲದ ಬಾಯಿ (ಸಂಜೆ 5.31)

ಜೊತೆಗೆ ಒಬ್ಬ ಹೆಂಗಸು ಹೋಗಲಿ. ಕಾರ್ಯದರ್ಶಿಗಳೇ, ನಿಮ್ಮ ಮನೆಯವರನ್ನು ಕರೆದುಕೊಂಡು ಹೋಗಿ. ನೀವು ಹೊರಗೆ ಕುಳಿತು ಮಾನಪತ್ರ ನೆನಪಿಸಿಕೊಳ್ಳಿ.

ಕ್ಯಾಂಪಿನ ಹಳಬ (ರಾತ್ರಿ 8.45)

ಸಂಜೆ ಪೂಜೆಗೆ ಹೋಗಿದ್ದೆ. ಗಾನವೃಂದದಲ್ಲಿ ನನ್ನ ಮೊಮ್ಮಗಳು ಹಾಡುತ್ತಾಳೆ, ಅವಳಿಗೂ ಹದಿನೇಳು. ಇಡೀ ಪೂಜೆ ಅವಳನ್ನೇ ನೋಡುತ್ತಿದ್ದೆ, ಪ್ರಸಂಗ ಏನು ಮಾಡಿದರೆಂದು ನೆನಪಿಲ್ಲ. ಮನೆಗೆ ಬಂದು, ‘ಫಾದರ್ ನಿನಗೆ ಮೆಸೇಜ್ ಮಾಡುತ್ತಾರೆಯೇ’ ಎಂದು ಕೇಳಿದೆ. ‘ಗುಂಪಿನಲ್ಲಿ ಮಾಡುತ್ತಾರೆ ಅಜ್ಜಾ, ಎಲ್ಲರಿಗೂ ಕಾಣುತ್ತದೆ’ ಎಂದಳು. ‘ಯಾಕೆ ಕೇಳಿದೆ’ ಎಂದು ಅವಳು ಕೇಳಲಿಲ್ಲ. ಅದೇ ನನಗೆ ಒಂದು ಥರ ಆಯಿತು. ಈ ವಿಷಯ ಅವರಲ್ಲಿ ಆಗಲೇ ಮಾತಿನಲ್ಲಿದೆ ಎಂದಾಯಿತು.

ನಿನ್ನೆ ಬರೆದದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. ಸುಳ್ಳು ಆರೋಪ ಹೊತ್ತು ಸತ್ತ ಗುರುವನ್ನು ನಾನು ಕಂಡಿದ್ದೇನೆ. ಆದರೆ ‘ವರ್ಗ ಮಾಡಿದ್ದಾರೆ, ಮುಗಿಯಿತು’ ಎಂದಿದ್ದೆನಲ್ಲ, ಆ ಒಂದು ವಾಕ್ಯ ಹೊಡೆದುಹಾಕಿ.

ಬೈಲಹೊಂಗಲದ ಬಾಯಿ (ರಾತ್ರಿ 8.52)

ಹೊಡೆದುಹಾಕಿದೆವು, ಕಾಕಾ. ಊಟ ಮಾಡಿ.

ಘಟಪ್ರಭೆ (ಮುಂದಿನ ಗುರುವಾರ, ಸಂಜೆ 6.10)

ಏನಾಯಿತು? ಕಾರ್ಯದರ್ಶಿಗಳ ಸುದ್ದಿಯೇ ಇಲ್ಲ.

ಖಾನಾಪುರ ಕಾಡು (ಸಂಜೆ 6.14)

ಯಾರೋ ಹೆದರಿಸಿರಬೇಕು. ಅಥವಾ ಕುಂದಾ ಡಬ್ಬಿ ಕೊಟ್ಟಿರಬೇಕು.

ಹಳೆಯ ಕಾರ್ಯದರ್ಶಿ (ಶುಕ್ರವಾರ, ರಾತ್ರಿ 11.40)

ಹೆದರಿಸಿದವರಿದ್ದಾರೆ, ಕುಂದಾ ಯಾರೂ ಕೊಟ್ಟಿಲ್ಲ.

ಭಾನುವಾರ ನನ್ನ ಹೆಂಡತಿ ಆ ಮನೆಗೆ ಹೋದಳು. ಒಳಗೆ ಮೂರು ತಾಸು ಕುಳಿತಿದ್ದಳು, ನಾನು ಕಟ್ಟೆಯ ಮೇಲೆ. ತಾಯಿ ಮೊದಲು ಬೇಡವೆಂದರಂತೆ. ‘ಅವಳ ಮದುವೆ ಆಗಬೇಕು’ ಎಂದರಂತೆ. ಮಾತು ಮುಗಿಸಿದ್ದು ಹುಡುಗಿಯೇ: ‘ಅವರು ಈಗ ಎಲ್ಲಿದ್ದಾರೆ, ಅಲ್ಲಿಯೂ ಗಾನವೃಂದ ಇದೆಯೇ?’ ಎಂದು ಕೇಳಿದಳಂತೆ. ಇದೆ ಎಂದದ್ದಕ್ಕೆ ಎದ್ದು ಹೋಗಿ ಮೊಬೈಲ್ ತಂದಿಟ್ಟಳು. ಒಂದು ಸಂದೇಶವನ್ನೂ ಅಳಿಸಿಲ್ಲ.

ಮಂಗಳವಾರ ಠಾಣೆಗೆ ದೂರು ಕೊಟ್ಟರು. ನನ್ನ ಹೇಳಿಕೆಯನ್ನೂ ತೆಗೆದುಕೊಂಡಿದ್ದಾರೆ. ‘ನಿಮಗೆ ಯಾವಾಗ ತಿಳಿಯಿತು’ ಎಂದು ಕೇಳಿದರು, ಇದ್ದದ್ದನ್ನೇ ಹೇಳಿದೆ. ‘ಇಷ್ಟು ದಿನ ಯಾಕೆ ಬರಲಿಲ್ಲ’ ಎಂದರು. ಅದಕ್ಕೆ ನನ್ನ ಬಳಿ ಉತ್ತರವಿರಲಿಲ್ಲ. ಅದನ್ನೂ ಬರೆದುಕೊಂಡರು. ಮೇಲಿನ ಕಚೇರಿಗೂ ಲಿಖಿತ ದೂರು ಕೊಟ್ಟೆವು, ಒಂದು ಪ್ರತಿ ಬೆಂಗಳೂರಿಗೆ. ಆ ಕಚೇರಿಯಲ್ಲಿ ಸ್ವೀಕೃತಿಯ ಮುದ್ರೆ ಒತ್ತಿ ದಿನಾಂಕ ಹಾಕದೆ ಕೊಟ್ಟರು. ಬಸ್ ನಿಲ್ದಾಣದವರೆಗೆ ಬಂದ ಮೇಲೆ ನೋಡಿ ಮತ್ತೆ ಹೋದೆ, ದಿನಾಂಕ ಹಾಕಿಸಿಕೊಂಡು ಬಂದೆ.

ಪಾಲನಾ ಪರಿಷತ್ತಿನ ಇಬ್ಬರು ನಮ್ಮ ಮನೆಗೆ ಬರುವುದನ್ನು ನಿಲ್ಲಿಸಿದ್ದಾರೆ. ಒಬ್ಬರು ಹಾಲು ಕೊಡುತ್ತಿದ್ದವರು. ಈಗ ಪ್ಯಾಕೆಟ್ ಹಾಲು ತರುತ್ತಿದ್ದೇವೆ.

ತಂಗಿಗೆ ಸೋಮವಾರವೇ ಹೇಳಿದೆ. ಬಹಳ ಹೊತ್ತು ಸುಮ್ಮನಿದ್ದಳು. ಆಮೇಲೆ, ‘ಅಣ್ಣಾ, ಅವರ ಕಚೇರಿಯ ಗೋಡೆಯ ಮೇಲೆ ಚೌಕಟ್ಟು ಹಾಕಿದ ಮಾನಪತ್ರವೊಂದಿದೆ. ಕೆಳಗೆ ನಿನ್ನ ಹೆಸರಿದೆ. ಅದನ್ನು ಓದಿಯೇ ನಾನು ಮಗಳನ್ನು ಗಾನವೃಂದಕ್ಕೆ ಕಳಿಸಿದ್ದು’ ಎಂದಳು.

ಮೇಣದಬತ್ತಿ (ರಾತ್ರಿ 11.58)

ಹುಡುಗಿಗೆ ನನ್ನ ಪ್ರಾರ್ಥನೆ ತಿಳಿಸಿ. ಬೇಡ, ತಿಳಿಸಬೇಡಿ, ಪ್ರಾರ್ಥನೆ ಎಂಬ ಮಾತನ್ನು ಅವಳು ಸಾಕಷ್ಟು ಕೇಳಿರುತ್ತಾಳೆ. ಅವಳಿಗೆ ಆಪ್ತಸಮಾಲೋಚಕಿ ಬೇಕಿದ್ದರೆ ನಿರ್ವಾಹಕರ ಮೂಲಕ ನನ್ನನ್ನು ಸಂಪರ್ಕಿಸಿ. ಬೆಳಗಾವಿಯಲ್ಲಿ ಒಳ್ಳೆಯವರೊಬ್ಬರನ್ನು ಬಲ್ಲೆ, ಚರ್ಚಿಗೆ ಸೇರಿದವರಲ್ಲ.

ಕೋರ್ಟು ಗುಮಾಸ್ತ (ಶನಿವಾರ, ಬೆಳಿಗ್ಗೆ 7.20)

ದಿನಾಂಕ ಹಾಕಿಸಿಕೊಂಡು ಬಂದದ್ದು ಬಹಳ ಒಳ್ಳೆಯದಾಯಿತು. ಎಲ್ಲದರ ಝೆರಾಕ್ಸ್ ಮೂರು ಮೂರು ಮಾಡಿಸಿ, ಒಂದು ಪ್ರತಿ ನಿಮ್ಮ ಮನೆಯಲ್ಲಿ ಇಡಬೇಡಿ. ಆ ಮಾನಪತ್ರದ ಫೋಟೋ ತೆಗೆಯಲು ತಂಗಿಗೆ ಹೇಳಿದ್ದೀರಾ?

ಹಳೆಯ ಕಾರ್ಯದರ್ಶಿ (ಬೆಳಿಗ್ಗೆ 7.45)

ಅವಳು ಆಗಲೇ ಕಳಿಸಿದ್ದಾಳೆ. ‘ಕಣ್ಮಣಿ’ ಎಂಬಲ್ಲಿ ಅಕ್ಷರ ತಪ್ಪಿದೆ, ನಾನು ಗಮನಿಸಿಯೇ ಇರಲಿಲ್ಲ.